ಇಪ್ಪತ್ತು ವರ್ಷ ಹೇಳದೆ ಉಳಿಸಿಕೊಂಡ ಒಂದು ಪಾಪ: ಈಗ ಪಾಪನಿವೇದನೆಗೆ ಹೇಗೆ ಹೋಗಲಿ?

ಮಲೆನಾಡ ಮಗಳು
ಮಂಗಳವಾರ, ರಾತ್ರಿ

ಎಲ್ಲರಿಗೂ ನಮಸ್ಕಾರ. ಬಹಳ ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಎಂಟು ವರ್ಷ. ನಾವು ಕಥೋಲಿಕರು. ಮೇ ತಿಂಗಳಲ್ಲಿ ಅವಳ ಮೊದಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಕೊಡುವ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು. ಅದಕ್ಕೆ ಮುಂಚೆ ಮೊದಲ ಪಾಪನಿವೇದನೆ, ಅಂದರೆ ಚರ್ಚಿನ ಗುರುಗಳ ಮುಂದೆ ಪಾಪಗಳನ್ನು ಹೇಳಿ ಕ್ಷಮೆ ಪಡೆಯುವುದು. ಭಾನುವಾರ ಉಪದೇಶ ತರಗತಿಯಲ್ಲಿ ಹೇಳಿಕೊಟ್ಟದ್ದನ್ನು ಮನೆಯಲ್ಲಿ ನಾನು ಓದಿಸುತ್ತೇನೆ. ಮೊನ್ನೆ ದೋಸೆಗೆ ರುಬ್ಬುತ್ತಿದ್ದೆ. ಅವಳು ನೋಟ್‌ಬುಕ್ ಹಿಡಿದು ಬಂದು ಕೇಳಿದಳು, "ಅಮ್ಮ, ಒಂದೇ ಒಂದು ಪಾಪ ಹೇಳದೆ ಬಿಟ್ಟರೆ ಏನಾಗುತ್ತೆ?" ನಾನು ಮಿಕ್ಸಿ ನಿಲ್ಲಿಸಲಿಲ್ಲ. ಕೇಳಿಸದವಳ ಹಾಗೆ ಇದ್ದುಬಿಟ್ಟೆ.

ನಮ್ಮಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಶನಿವಾರದ ಕೂಲಿ ಬಟವಾಡೆ ದುಡ್ಡು ಶುಕ್ರವಾರ ರಾತ್ರಿಯೇ ಮನೆಗೆ ಬರುತ್ತಿತ್ತು, ಕಬ್ಬಿಣದ ಪೆಟ್ಟಿಗೆಯಲ್ಲಿ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸ್ಕೂಲ್ ಟೂರಿಗೆ ಅಂತ ಅದರಿಂದ 500 ರೂಪಾಯಿ ತೆಗೆದೆ. ಬೆಳಿಗ್ಗೆ ಎಣಿಸಿದಾಗ ಕಮ್ಮಿ ಬಂತು. ಅನುಮಾನ ಹೋಗಿದ್ದು ಮನೆ ಗುಡಿಸಲು ಬರುತ್ತಿದ್ದ, ತೋಟದ ಕೂಲಿಯವರ ಲೈನ್ ಮನೆಯ ಅಕ್ಕನ ಮೇಲೆ. ಅಪ್ಪ ಕೂಗಾಡಲಿಲ್ಲ. "ನಾಳೆಯಿಂದ ಬರಬೇಡ" ಅಂದರು, ಅಷ್ಟೇ. ಎರಡು ವಾರದಲ್ಲಿ ಅವರ ಮನೆಯವರೆಲ್ಲ ತೋಟ ಬಿಟ್ಟರು. ಹೋಗುವ ದಿನ ಅವರ ಹತ್ತಿರ ಇದ್ದ ನಮ್ಮ ಮನೆಯ ಕಸಬರಿಗೆಯನ್ನು ತೊಳೆದು ತಂದು ಬಾಗಿಲ ಪಕ್ಕ ಒರಗಿಸಿ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಆ ವರ್ಷ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಹೋದಾಗ ಸುಳ್ಳು ಹೇಳಿದ್ದು, ತಮ್ಮನಿಗೆ ಹೊಡೆದದ್ದು ಹೇಳಿದೆ. ಇದನ್ನು ಬಿಟ್ಟೆ. ಆಮೇಲೆ ಪ್ರತಿ ಸಲವೂ ಬಿಟ್ಟೆ. ಈಗ ನನಗೆ 34. ಇದು ಮಾರಕ ಪಾಪವಾ, ದೇವರಿಂದಲೇ ದೂರ ಮಾಡುವಷ್ಟು ದೊಡ್ಡ ಪಾಪವಾ? ಇಷ್ಟು ವರ್ಷ ಮಾಡಿದ ಪಾಪನಿವೇದನೆ, ತೆಗೆದುಕೊಂಡ ಪರಮಪ್ರಸಾದ, ನನ್ನ ಮದುವೆ, ಇವೆಲ್ಲ ಏನಾದವು? ದಯವಿಟ್ಟು ಗೊತ್ತಿರುವವರು ಹೇಳಿ.

ಹಳೇ ಜಪಸರ
ಮಂಗಳವಾರ, ರಾತ್ರಿ

ಮಗಳೇ, ಕಷ್ಟ ಆದರೂ ನೇರವಾಗಿ ಹೇಳುತ್ತೇನೆ. ಮಾರಕ ಪಾಪವನ್ನು ಬೇಕಂತಲೇ ಮುಚ್ಚಿಟ್ಟರೆ ಆ ಪಾಪನಿವೇದನೆ ಸಲ್ಲುವುದಿಲ್ಲ. ಹೇಳಿದ ಬೇರೆ ಪಾಪಗಳಿಗೂ ಆಗ ಕ್ಷಮೆ ಸಿಗುವುದಿಲ್ಲ. ಆಮೇಲಿನವೂ ಅದೇ ಸಾಲಿಗೆ ಸೇರುತ್ತವೆ. ಕೊನೆಯ ಒಳ್ಳೆಯ ಪಾಪನಿವೇದನೆ ಯಾವುದೋ ಅಲ್ಲಿಂದ ಈಚೆಗೆ ಎಲ್ಲವನ್ನೂ ಮತ್ತೆ ಹೇಳಬೇಕು. ನಮ್ಮಮ್ಮ ನನಗೆ ಕಲಿಸಿದ್ದು ಹೀಗೆ. ನಾನು ಇವತ್ತಿಗೂ ಅದನ್ನೇ ನಂಬುತ್ತೇನೆ.

ಮದುವೆ ಬಗ್ಗೆ ಭಯ ಬೇಡ. ಅದು ಸಿಂಧು. ಪಾಪದ ಸ್ಥಿತಿಯಲ್ಲಿ ಮದುವೆಯಾದರೂ ಮದುವೆ ಮದುವೆಯೇ.

ಉಪದೇಶಿ ಮೇಷ್ಟ್ರು
ಬುಧವಾರ, ಬೆಳಿಗ್ಗೆ

ತಂಗಿ, ಅಕ್ಕ ಹೇಳಿದ ನಿಯಮ ಸರಿ. ಆದರೆ ಆ ನಿಯಮ ನಿನ್ನ 14ನೇ ವಯಸ್ಸಿಗೆ ಹಾಗೇ ಅನ್ವಯಿಸುತ್ತದಾ ಅನ್ನುವುದು ಬೇರೆ ಪ್ರಶ್ನೆ. ನಾನು 30 ವರ್ಷ ಮಕ್ಕಳಿಗೆ ಉಪದೇಶ ಹೇಳಿಕೊಟ್ಟವನು. ಈ ವಿಷಯದಲ್ಲಿ ಅವಸರ ಮಾಡಿ ಎಷ್ಟೋ ಮಕ್ಕಳ ಮನಸ್ಸು ಮುರಿದಿರುವುದನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಪಾಪ ಮಾರಕ ಆಗಬೇಕಾದರೆ ಮೂರೂ ಒಟ್ಟಿಗೆ ಇರಬೇಕು. ವಿಷಯ ಗಂಭೀರವಾಗಿರಬೇಕು. ಅದು ಗಂಭೀರ ಅಂತ ಚೆನ್ನಾಗಿ ಗೊತ್ತಿರಬೇಕು. ಗೊತ್ತಿದ್ದೂ ಮನಸ್ಸಾರೆ ಒಪ್ಪಿ ಮಾಡಿರಬೇಕು. ಕಥೋಲಿಕ ಧರ್ಮಸಭೆಯ ಬೋಧನೆಯನ್ನು ಒಟ್ಟುಮಾಡಿದ ಉಪದೇಶ ಗ್ರಂಥದ 1857ನೇ ಪ್ಯಾರಾ ನೋಡಿ, ಒಂದೇ ವಾಕ್ಯದಲ್ಲಿ ಇದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಪಾಪ ಪಾಪವೇ, ಆದರೆ ಮಾರಕ ಅಲ್ಲ. ಭಯ, ಅಜ್ಞಾನ, ಒತ್ತಡ ಇವೆಲ್ಲ ಹೊಣೆಯನ್ನು ಕಮ್ಮಿ ಮಾಡುತ್ತವೆ. ಅದೂ ಅದೇ ಗ್ರಂಥದ 1735ನೇ ಪ್ಯಾರಾದಲ್ಲಿ ಇದೆ.

ಈಗ ನಿನ್ನ ವಿಷಯ. ಕಳ್ಳತನದ ಭಾರವನ್ನು ಹಳೇ ಗುರುಗಳು ಒಬ್ಬ ಕೂಲಿಯಾಳಿನ ದಿನದ ದುಡಿಮೆಗೆ ಹೋಲಿಸಿ ತೂಗುತ್ತಿದ್ದರು. ಆ ಲೆಕ್ಕದಲ್ಲಿ 500 ರೂಪಾಯಿ ಆಗ ಸಣ್ಣ ದುಡ್ಡಲ್ಲ. ಆದರೆ ನನಗೆ ದೊಡ್ಡದಾಗಿ ಕಾಣುವುದು ದುಡ್ಡಲ್ಲ. ಒಬ್ಬ ಹೆಂಗಸಿನ ಮೇಲೆ ಕಳ್ಳಿ ಅನ್ನುವ ಮಾತು ಬಂದಾಗ ನೀನು ಬಾಯಿ ಬಿಡಲಿಲ್ಲವಲ್ಲ, ಅದು. ಪಾಪನಿವೇದನೆಯಲ್ಲಿ 500 ರೂಪಾಯಿ ಕದ್ದೆ ಅಂತ ಮಾತ್ರ ಹೇಳಿ ಬಂದರೆ ಅರ್ಧ ಹೇಳಿದ ಹಾಗೆ. ಎರಡನ್ನೂ ಹೇಳು.

ವಿಷಯ ಗಂಭೀರ ಅಂತಾಯಿತು. 14 ವರ್ಷದ ಹುಡುಗಿಗೆ ಅದರ ಭಾರ ಎಷ್ಟು ಗೊತ್ತಿತ್ತು? ಅಪ್ಪನ ಭಯದಲ್ಲಿ ಅವಳ ಒಪ್ಪಿಗೆ ಎಷ್ಟು ಪೂರ್ತಿಯಾಗಿತ್ತು? ಅದನ್ನು ಇಲ್ಲಿ ಕೂತು ನಾನಾಗಲಿ ಅಕ್ಕನಾಗಲಿ ತೀರ್ಮಾನಿಸುವುದಕ್ಕೆ ಆಗುವುದಿಲ್ಲ.

ಹಳೇ ಜಪಸರ
ಬುಧವಾರ, ಮಧ್ಯಾಹ್ನ

ಮೇಷ್ಟ್ರೇ, ಒಪ್ಪುತ್ತೇನೆ. ಆದರೆ 14ರಲ್ಲಿ ಗೊತ್ತಿರಲಿಲ್ಲ ಅಂತ 34ರಲ್ಲೂ ಹೇಳಿಕೊಂಡು ಹೋಗಬಾರದು ಅಲ್ವಾ? ನನ್ನ ಕಾಳಜಿ ಅದೊಂದೇ.

ಮಲೆನಾಡ ಮಗಳು
ಬುಧವಾರ, ರಾತ್ರಿ

ಅಮ್ಮ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಿಜ ಹೇಳುತ್ತೇನೆ. 14ರಲ್ಲಿ ನನಗೆ ಬರೀ ಅಪ್ಪನ ಭಯ ಇತ್ತು. ದೇವರ ಯೋಚನೆಯೇ ಬಂದಿರಲಿಲ್ಲ. ಆದರೆ 22ರಲ್ಲಿ ಒಂದು ಧ್ಯಾನಕೂಟಕ್ಕೆ ಹೋಗಿದ್ದೆ. ಅಲ್ಲಿ ಪ್ರವಚನ ಕೊಟ್ಟ ಗುರುಗಳು ಇದನ್ನೇ ಹೇಳಿದರು, ಮುಚ್ಚಿಟ್ಟ ಪಾಪದ ಬಗ್ಗೆ. ನನ್ನ ಬಗ್ಗೆಯೇ ಹೇಳುತ್ತಿದ್ದಾರೆ ಅನ್ನಿಸಿತು. ಸಂಜೆ ಸಾಲಿನಲ್ಲಿ ನಿಂತೆ. ಮುಂದೆ ಇಬ್ಬರು ಉಳಿದಾಗ ಕೈಕಾಲು ತಣ್ಣಗಾಯಿತು. ಒಳಗೆ ಹೋಗಿ ಬೇರೆ ಎಲ್ಲಾ ಹೇಳಿದೆ. ಇದನ್ನು ಹೇಳಲಿಲ್ಲ. ಅವತ್ತು ಮಾತ್ರ ಗೊತ್ತಿದ್ದೇ ಮಾಡಿದ್ದು.

ಉಪದೇಶಿ ಮೇಷ್ಟ್ರು
ಬುಧವಾರ, ರಾತ್ರಿ

ಹಾಗಾದರೆ ತಂಗಿ, ಗುರುಗಳ ಮುಂದೆ ಹೇಳಬೇಕಾದದ್ದು ಇದೇ. "14ರಲ್ಲಿ ಹೀಗೆ ಮಾಡಿದೆ. ಆಗ ಹೇಳಲಿಲ್ಲ. 22ರಲ್ಲಿ ತಿಳಿದೂ ಮುಚ್ಚಿಟ್ಟೆ. ಆಮೇಲೆಯೂ ಮುಚ್ಚಿಟ್ಟೆ, ಪರಮಪ್ರಸಾದ ತೆಗೆದುಕೊಂಡೆ." ಇಷ್ಟು ಹೇಳಿದರೆ ಉಳಿದದ್ದನ್ನು ಗುರುಗಳು ಕೇಳಿ ಕೇಳಿ ತೆಗೆಯುತ್ತಾರೆ. 22ರಿಂದ ಈಚೆಗೆ ಬೇರೆ ಗಂಭೀರ ಪಾಪ ಇದ್ದರೆ ಅವನ್ನೂ ಮತ್ತೆ ಹೇಳು. ಅಕ್ಕ ಹೇಳಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ.

ಗಂಭೀರ ಪಾಪಗಳನ್ನು ಬಗೆ ಮತ್ತು ಲೆಕ್ಕ ಸಮೇತ ಹೇಳಬೇಕು ಅನ್ನುವುದು 1551ರಲ್ಲಿ ಬಿಷಪ್ಪರು ಸೇರಿದ್ದ ಟ್ರೆಂಟ್ ಮಹಾಸಭೆ ಖಚಿತಪಡಿಸಿದ ಮಾತು. ಈಗಿನ 1983ರ ಧರ್ಮಸಭೆಯ ಕಾನೂನಿನಲ್ಲೂ 988ನೇ ವಿಧಿ ಅದನ್ನೇ ಹೇಳುತ್ತದೆ. ಲೆಕ್ಕ ಅಂದರೆ ಡೈರಿ ಇಟ್ಟು ಎಣಿಸುವುದಲ್ಲ. "ಇಷ್ಟು ವರ್ಷ, ತಿಂಗಳಿಗೆ ಒಂದೆರಡು ಸಲ" ಅಂದರೆ ಸಾಕು. ನೆನಪಿಗೆ ಬಂದಷ್ಟು. ಪ್ರಾಮಾಣಿಕವಾಗಿ ಮರೆತದ್ದಕ್ಕೂ ಕ್ಷಮೆ ಸಿಗುತ್ತದೆ. ಆಮೇಲೆ ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಮರೆಯುವುದು ಬೇರೆ, ಮುಚ್ಚಿಡುವುದು ಬೇರೆ. ಸಂತ ಜೆರೋಮರು ಇದಕ್ಕೆ ರೋಗಿಯ ಹೋಲಿಕೆ ಕೊಡುತ್ತಾರೆ. ನಾಚಿಕೊಂಡು ವೈದ್ಯರಿಗೆ ಗಾಯ ತೋರಿಸದಿದ್ದರೆ ಔಷಧ ಅದನ್ನು ವಾಸಿ ಮಾಡುವುದಾದರೂ ಹೇಗೆ, ಅಂತ.

ಊರಾಚೆ
ಗುರುವಾರ, ಬೆಳಿಗ್ಗೆ

ನಾನು ಕಥೋಲಿಕನಲ್ಲ, ಪ್ರೊಟೆಸ್ಟಂಟ್ ಸಭೆಯವನು. ಅಕ್ಕನ ನೋವು ನೋಡಿ ಕೇಳುತ್ತಿದ್ದೇನೆ, ವಾದಕ್ಕಲ್ಲ. ದೇವರಿಗೆ ನೇರವಾಗಿ ಹೇಳಿದರೆ ಸಾಲದೇ? ಮನುಷ್ಯನ ಮುಂದೆ ಯಾಕೆ?

ಕಡಲ ಕರೆ
ಗುರುವಾರ, ಬೆಳಿಗ್ಗೆ

ಅಣ್ಣ, ಒಳ್ಳೆಯ ಪ್ರಶ್ನೆ. ದೇವರಿಗೆ ನೇರವಾಗಿ ಹೇಳಬೇಡಿ ಅಂತ ನಮ್ಮಲ್ಲೂ ಯಾರೂ ಹೇಳುವುದಿಲ್ಲ. ಮೊದಲು ಅವನಿಗೇ ಹೇಳಬೇಕು. ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪಶ್ಚಾತ್ತಾಪ ಇದ್ದು, ಆದಷ್ಟು ಬೇಗ ಪಾಪನಿವೇದನೆ ಮಾಡುತ್ತೇನೆ ಅನ್ನುವ ಗಟ್ಟಿ ಮನಸ್ಸಿದ್ದರೆ ಮಾರಕ ಪಾಪಕ್ಕೂ ಆಗಲೇ ಕ್ಷಮೆ ಸಿಗುತ್ತದೆ. ನೆನಪಿದೆಯಾ, 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಎಲ್ಲಾ ಬಂದ್ ಆದಾಗ ಪೋಪ್ ಫ್ರಾನ್ಸಿಸ್ ಇದನ್ನೇ ಹೇಳಿದರು. ಗುರು ಸಿಗದಿದ್ದರೆ ತಂದೆಯಾದ ದೇವರ ಹತ್ತಿರ ಮಾತಾಡಿ, ಇದ್ದದ್ದನ್ನು ಹೇಳಿ, ಆಮೇಲೆ ಪಾಪನಿವೇದನೆಗೆ ಹೋಗುತ್ತೇನೆ ಅಂತ ಮಾತು ಕೊಡಿ, ಅಂತ.

ಹಾಗಾದರೆ ಗುರು ಯಾಕೆ? ಯೇಸು ಪುನರುತ್ಥಾನದ ದಿನ ಸಂಜೆ ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವರಿಗೆ ಕ್ಷಮೆ ಸಿಗುತ್ತದೆ ಅಂದರು. ಬೈಬಲಿನ ಯೊವಾನ್ನರ ಶುಭಸಂದೇಶ, 20ನೇ ಅಧ್ಯಾಯ. ಕ್ಷಮಿಸುವುದೂ ಕ್ಷಮಿಸದೆ ಉಳಿಸುವುದೂ ಅವರ ಕೈಯಲ್ಲಿ ಅಂದಮೇಲೆ ಅವರಿಗೆ ವಿಷಯ ಗೊತ್ತಾಗಬೇಕಲ್ಲ. ನಾವು ಅದನ್ನು ಹಾಗೆ ಅರ್ಥ ಮಾಡಿಕೊಳ್ಳುತ್ತೇವೆ.

ಇನ್ನೊಂದು ನನ್ನ ಸ್ವಂತದ್ದು. ನಮ್ಮ ಕಡೆ ಕೊಂಕಣಿಯಲ್ಲಿ ಇದಕ್ಕೆ ಕುಮ್ಸಾರ್ ಅನ್ನುತ್ತೇವೆ. ಚಿಕ್ಕಂದಿನಲ್ಲಿ ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೆ ಹೋದಾಗ ಬಜ್ಜಿ, ಬಲೂನಿನ ಗದ್ದಲದ ನಡುವೆ ಕುಮ್ಸಾರ್ ಸಾಲು ನೋಡುತ್ತಿದ್ದೆ. ದೊಡ್ಡ ದೊಡ್ಡ ಗಂಡಸರು ಕೈ ಕಟ್ಟಿ ನಿಂತಿರುತ್ತಿದ್ದರು. ನಾನು ಮನಸ್ಸಲ್ಲೇ ದೇವರಿಗೆ ಹೇಳಿಕೊಂಡಾಗ ಎಷ್ಟೋ ಸಲ ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡಿದ್ದೇನೆ. ಬಾಯಿಬಿಟ್ಟು ಹೇಳುವಾಗ ಅದು ಆಗುವುದಿಲ್ಲ. ಹಾಗೇ "ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ" ಅಂತ ಕಿವಿಯಾರೆ ಕೇಳಿಸಿಕೊಳ್ಳುವುದೂ ಬೇರೆಯೇ.

ಊರಾಚೆ
ಗುರುವಾರ, ಮಧ್ಯಾಹ್ನ

ಎಲ್ಲಾ ಒಪ್ಪಿದೆ ಅಂತ ಹೇಳಲಾರೆ. ಆದರೆ ಅರ್ಥವಾಯಿತು. ಅಕ್ಕನಿಗಾಗಿ ಪ್ರಾರ್ಥಿಸುತ್ತೇನೆ.

ಸಣ್ಣ ದೀಪ
ಗುರುವಾರ, ರಾತ್ರಿ

ಇದನ್ನೆಲ್ಲ ಓದಿ ನನಗೆ ಭಯ ಜಾಸ್ತಿಯಾಯಿತು. ನಾನು ವಾರಕ್ಕೆ ಎರಡು ಸಲ ಪಾಪನಿವೇದನೆಗೆ ಹೋಗುತ್ತಿದ್ದೆ. ಹೊರಗೆ ಬಂದ ತಕ್ಷಣ ಇನ್ನೇನೋ ಬಿಟ್ಟೆ ಅನ್ನಿಸುತ್ತಿತ್ತು. ಮನಸ್ಸಿನಲ್ಲಿ ಸುಮ್ನೆ ಬಂದುಹೋದ ಕೆಟ್ಟ ಯೋಚನೆಯೂ ಮಾರಕ ಅನ್ನಿಸುತ್ತಿತ್ತು. ಈಗ ಎಂಟು ತಿಂಗಳಿಂದ ಹೋಗಿಯೇ ಇಲ್ಲ. ಪರಮಪ್ರಸಾದಕ್ಕೂ ಎದ್ದು ಹೋಗುವುದಿಲ್ಲ. ಕೊನೆಯ ಬೆಂಚಿನಲ್ಲಿ ಕೂರುತ್ತೇನೆ.

ಉಪದೇಶಿ ಮೇಷ್ಟ್ರು
ಗುರುವಾರ, ರಾತ್ರಿ

ಮಗಾ, ಮೇಲೆ ಬರೆದದ್ದು ಮುಚ್ಚಿಟ್ಟವರಿಗೆ. ನಿನ್ನದು ಅದಕ್ಕೆ ತಿರುಗುಮುರುಗಾದ ಕಷ್ಟ. ನಿನಗೆ ಬೇರೆ ಔಷಧ.

ಬಂದುಹೋದ ಯೋಚನೆ ಪಾಪ ಅಲ್ಲ. ಶೋಧನೆ ಅಷ್ಟೇ, ಅಂದರೆ ಪಾಪದ ಕಡೆಗಿನ ಸೆಳೆತ. ಒಪ್ಪಿಗೆ ಕೊಟ್ಟೆನೋ ಇಲ್ಲವೋ ಅಂತ ಸದಾ ಸಂಶಯ ಕಾಡುವವರಿಗೆ, ಒಪ್ಪಿಗೆ ಕೊಟ್ಟಿಲ್ಲ ಅಂತಲೇ ಎಣಿಸು ಅಂತ ಅನುಭವಿ ಗುರುಗಳು ಹೇಳುತ್ತಾರೆ. ಮಾರಕ ಅಲ್ಲದ ಲಘು ಪಾಪಗಳನ್ನು ಹೇಳುವುದು ಒಳ್ಳೆಯದು, ಆದರೆ ಕಡ್ಡಾಯ ಅಲ್ಲ. ಕಡ್ಡಾಯ ಇರುವುದು ಗಂಭೀರ ಪಾಪಕ್ಕೆ, ಅದೂ ಕನಿಷ್ಠ ವರ್ಷಕ್ಕೊಮ್ಮೆ. 1215ರ ಲ್ಯಾಟರನ್ ಮಹಾಸಭೆಯಿಂದ ವರ್ಷಕ್ಕೊಮ್ಮೆ ಅನ್ನುವ ಈ ಲೆಕ್ಕ ನಡೆದು ಬಂದಿದೆ.

ಯೇಸುಸಭೆ (ಜೆಸ್ವಿಟ್) ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸರಿಗೂ ಇದೇ ಕಾಟ ಇತ್ತು. 1522ರಲ್ಲಿ ಸ್ಪೇನಿನ ಮೊಂಟ್ಸೆರಾಟ್ ಬೆಟ್ಟದ ಮಠದಲ್ಲಿ ಇಡೀ ಬದುಕಿನ ಪಾಪಗಳನ್ನು ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದರು. ಆದರೂ ಆಮೇಲೆ ಹತ್ತಿರದ ಮನ್ರೇಸಾ ಊರಿನಲ್ಲಿ, ಅದು ಬಿಟ್ಟೆ, ಇದು ಬಿಟ್ಟೆ ಅಂತ ಒದ್ದಾಡಿ, ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋದರು. ಕೊನೆಗೆ ಹಳೆಯದನ್ನು ಮತ್ತೆ ಕೆದಕುವುದಿಲ್ಲ ಅಂತ ನಿರ್ಧರಿಸಿದ ಮೇಲೆ ಬಿಡುಗಡೆ ಸಿಕ್ಕಿತು. ನೀನು ಒಬ್ಬರೇ ಗುರುಗಳನ್ನು ಹಿಡಿ. ಪ್ರತಿ ಸಲ ಅವರ ಹತ್ತಿರವೇ ಹೋಗು. ಅವರು ಸಾಕು ಅಂದರೆ ಸಾಕು. ನಿದ್ದೆ, ಊಟ ಕೆಟ್ಟಿದ್ದರೆ ಡಾಕ್ಟರ ಹತ್ತಿರವೂ ಹೋಗು, ಅದರಲ್ಲಿ ನಾಚಿಕೆ ಏನೂ ಇಲ್ಲ.

ಮ್ಯೂನಿಕ್‌ನಲ್ಲಿ ಕನ್ನಡತಿ
ಶುಕ್ರವಾರ, ಬೆಳಿಗ್ಗೆ

ನಡುವೆ ಒಂದು ಪ್ರಶ್ನೆ. ನನಗೆ ಜರ್ಮನ್ ಅಷ್ಟಕ್ಕಷ್ಟೇ. ಪಾಪ ಹೇಳುವಾಗ ಕನ್ನಡವೇ ಬಾಯಿಗೆ ಬರುತ್ತದೆ. ಏನು ಮಾಡಲಿ?

ಕಡಲ ಕರೆ
ಶುಕ್ರವಾರ, ಬೆಳಿಗ್ಗೆ

ದುಭಾಷಿ ಮೂಲಕ ಹೇಳಬಹುದು, ಧರ್ಮಸಭೆಯ ಕಾನೂನಿನ 990ನೇ ವಿಧಿ. ಕೇಳಿಸಿಕೊಂಡದ್ದನ್ನು ಗುಟ್ಟಾಗಿಡುವ ಹೊಣೆ ಆ ದುಭಾಷಿಗೂ ಇದೆ. ಆದರೆ ದುಭಾಷಿ ಬೇಡ ಅನ್ನಿಸಿದರೆ ಬಂದಷ್ಟು ಜರ್ಮನ್ನಿನಲ್ಲೋ ಇಂಗ್ಲಿಷಿನಲ್ಲೋ ಹೇಳಿ. ವ್ಯಾಕರಣ ಯಾರೂ ನೋಡುವುದಿಲ್ಲ.

ಮಲೆನಾಡ ಮಗಳು
ಶುಕ್ರವಾರ, ರಾತ್ರಿ

ಎಲ್ಲರಿಗೂ ಋಣಿ. ಇನ್ನೆರಡು ಕೇಳಬೇಕು. ನಮ್ಮ ಧರ್ಮಕೇಂದ್ರದ ಗುರುಗಳು ನನ್ನ ಮಗಳಿಗೆ ಉಪದೇಶ ಹೇಳುವವರು, ಮನೆಗೆ ಊಟಕ್ಕೆ ಬರುವವರು. ಅವರ ಮುಂದೆ ಬಾಯಿ ಬರುವುದಿಲ್ಲ. ಎರಡನೆಯದು, ಕ್ಷಮೆ ಸಿಕ್ಕಿದ ಮೇಲೆ ಆ ಅಕ್ಕನ ವಿಷಯ ಮುಗಿಯಿತಾ? ಮುಗಿಯಿತು ಅಂತ ನನ್ನ ಮನಸ್ಸು ಒಪ್ಪುತ್ತಿಲ್ಲ. ಅಪ್ಪ ತೀರಿಕೊಂಡಿದ್ದಾರೆ. ಅಮ್ಮ ಇದ್ದಾರೆ.

ಹಳೇ ಜಪಸರ
ಶುಕ್ರವಾರ, ರಾತ್ರಿ

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಯಾವ ಗುರುಗಳ ಹತ್ತಿರ ಬೇಕಾದರೂ ಹೋಗಬಹುದು. ಅದು ನಿನ್ನ ಹಕ್ಕು. ಬೇರೆ ಪೂಜಾವಿಧಿಯ, ಕೇರಳ ಮೂಲದ ಸೀರೋ ಮಲಬಾರ್ ಕಥೋಲಿಕ ಚರ್ಚಿನ ಗುರುಗಳಾದರೂ ಆಯಿತು. ಪಾಪನಿವೇದನೆಯ ಗೂಡಿನಲ್ಲಿ ಜಾಲರಿಯ ಈ ಕಡೆ ಮಂಡಿಯೂರಿದರೆ ಮುಖವೂ ಕಾಣುವುದಿಲ್ಲ. ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಬೇರೆ ಊರಿನ ಗುರುಗಳನ್ನು ಕರೆಸುವುದೇ ಇದಕ್ಕೆ.

ಗುಟ್ಟಿನ ಬಗ್ಗೆ ಚಿಂತೆ ಬೇಡ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ನೇರವಾಗಿ ಹೊರಗೆ ಹಾಕಿದ ಗುರುವಿಗೆ ಆ ಗಳಿಗೆಯಲ್ಲೇ ಬಹಿಷ್ಕಾರ. ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ. ಪ್ರಾಗ್ ನಗರದ ಸಂತ ಜಾನ್ ನೆಪೊಮುಕ್‌ರನ್ನು 1393ರಲ್ಲಿ ರಾಜನ ಅಪ್ಪಣೆ ಮೇಲೆ ನದಿಗೆ ಎಸೆದರು. ರಾಣಿ ಪಾಪನಿವೇದನೆಯಲ್ಲಿ ಹೇಳಿದ್ದನ್ನು ಬಿಟ್ಟುಕೊಡಲು ಒಪ್ಪದಿದ್ದಕ್ಕೆ ಅಂತ ಜನ ಹೇಳುತ್ತಾ ಬಂದಿದ್ದಾರೆ. ನಾನು ಚಿಕ್ಕವಳಿದ್ದಾಗ ಅಮ್ಮ ಈ ಕಥೆ ಹೇಳಿದರೆ ಅವತ್ತು ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ. ಆದರೆ ಮರುದಿನ ಧೈರ್ಯವಾಗಿ ಗುರುಗಳ ಹತ್ತಿರ ಹೋಗುತ್ತಿದ್ದೆ.

ಮತ್ತೆ ಮಗಳೇ, ನಾನು ಮೊದಲ ದಿನ ಬರೆದದ್ದು ಗಟ್ಟಿಯಾಯಿತು ಅಂತ ಆಮೇಲೆ ಅನ್ನಿಸಿತು. ಮಾತು ಸರಿಯೇ. ಆದರೆ ಅದನ್ನು ನಿನ್ನ ಪಕ್ಕ ಕೂತು ಹೇಳಬೇಕಿತ್ತು.

ಉಪದೇಶಿ ಮೇಷ್ಟ್ರು
ಶನಿವಾರ, ಬೆಳಿಗ್ಗೆ

ಎರಡನೆಯದು. ನಿನ್ನ ಮನಸ್ಸು ಹೇಳುತ್ತಿರುವುದು ಸರಿ, ತಂಗಿ. ಕ್ಷಮೆ ಪಾಪವನ್ನು ತೆಗೆಯುತ್ತದೆ. ಪಾಪದಿಂದ ಆದ ನಷ್ಟ ತಾನಾಗಿ ಸರಿಹೋಗುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು. ಹಾಳು ಮಾಡಿದ ಹೆಸರನ್ನು ಸರಿಮಾಡಬೇಕು. ಉಪದೇಶ ಗ್ರಂಥದಲ್ಲಿ 1459, 2412, 2487 ಈ ಮೂರು ಪ್ಯಾರಾಗಳನ್ನೂ ಒಟ್ಟಿಗೆ ಓದು.

ಯಾರಿಗೆ ಏನು ಬಾಕಿ ಅಂತ ಬಿಡಿಸಿ ನೋಡೋಣ. 500 ರೂಪಾಯಿ ತೋಟದ್ದು. ಬಟವಾಡೆಯಲ್ಲಿ ಕಮ್ಮಿ ಬಂದದ್ದನ್ನು ನಿಮ್ಮಪ್ಪ ಕೈಯಿಂದ ತುಂಬಿರಬೇಕು. ಹಾಗಿದ್ದರೆ ಅದು ಮನೆಯ ಸಾಲ, ಅಮ್ಮ ಬಿಟ್ಟರೆ ಬಿಟ್ಟಂತೆ. ಆ ಹೆಂಗಸಿಗೆ ಬಾಕಿ ಇರುವುದು ಬೇರೆ. ಹೋದ ಕೆಲಸ, ಅದಕ್ಕಿಂತ ಹೆಚ್ಚಾಗಿ ಹೋದ ಹೆಸರು. ಆ ಹೆಸರು ಯಾರ ಮುಂದೆ ಹೋಯಿತೋ ಅವರ ಮುಂದೆ ಸರಿಯಾಗಬೇಕು. ಅಂದರೆ ಈಗ ಉಳಿದಿರುವುದು ನಿಮ್ಮಮ್ಮ. ಇದನ್ನು ಬರೆಯುವಾಗ ನನಗೇ ಕಷ್ಟವಾಗುತ್ತಿದೆ. ನಿನಗೆ ಎಷ್ಟು ಕಷ್ಟ ಅಂತ ಗೊತ್ತು.

ಆ ಹೆಂಗಸು ಸಿಗದೇ ಹೋದರೆ ಅವರಿಗೆ ಸೇರಬೇಕಾದದ್ದನ್ನು ಬಡವರಿಗೆ ಕೊಡುವುದು ಹಳೆಯ ಪದ್ಧತಿ. ಆದರೆ ಮೊದಲು ಹುಡುಕು. ಮತ್ತೆ ಇವೆಲ್ಲ ಮುಗಿಸಿದ ಮೇಲೆ ಪಾಪನಿವೇದನೆಗೆ ಹೋಗುತ್ತೇನೆ ಅಂತ ಕಾಯಬೇಡ. ಮಾಡುತ್ತೇನೆ ಅನ್ನುವ ಗಟ್ಟಿ ಮನಸ್ಸು ಸಾಕು. ಹೇಗೆ ಮಾಡಬೇಕು ಅಂತ ಗುರುಗಳನ್ನೇ ಕೇಳು. ಅಲ್ಲಿಯವರೆಗೆ ಚರ್ಚಿನ ಬಲಿಪೂಜೆಗೆ ಹೋಗು, ಪರಮಪ್ರಸಾದಕ್ಕೆ ಮಾತ್ರ ತಡೆ. ಮಗಳ ದಿನ ಅವಳ ಜೊತೆ ನೀನೂ ಸ್ವೀಕರಿಸಬೇಕು ಅನ್ನುವುದು ನನ್ನ ಆಸೆ.

ಮಲೆನಾಡ ಮಗಳು
ಎಂಟು ದಿನದ ನಂತರ, ಭಾನುವಾರ

ನಿನ್ನೆ ಹೋಗಿದ್ದೆ. ಶಿವಾಜಿನಗರದ ಸಂತ ಮೇರಿ ಬಸಿಲಿಕಕ್ಕೆ. ಅಲ್ಲಿ ನನ್ನನ್ನು ಯಾರಿಗೂ ಗೊತ್ತಿಲ್ಲ.

ಚೀಟಿಯಲ್ಲಿ ಬರೆದುಕೊಂಡಿದ್ದೆ. ಕೈ ಬೆವರಿಗೆ ಚೀಟಿ ಒದ್ದೆಯಾಗಿ ಅಕ್ಷರ ಕಲಸಿಹೋಗಿತ್ತು. ಆದ್ದರಿಂದ ನೋಡದೇ ಹೇಳಿದೆ. ಕಳ್ಳತನ ಹೇಳಿದೆ, ಸುಮ್ಮನಿದ್ದದ್ದು ಹೇಳಿದೆ, ಧ್ಯಾನಕೂಟದ ಸಂಜೆ ಹೇಳಿದೆ. ಗುರುಗಳಿಗೆ ವಯಸ್ಸಾಗಿದೆ ಅಂತ ದನಿಯಲ್ಲಿ ಗೊತ್ತಾಗುತ್ತಿತ್ತು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು, "ಅವರ ಹೆಸರು ನೆನಪಿದೆಯಾ ಅಮ್ಮಾ?" ನೆನಪಿದೆ ಅಂದೆ. "ಹೆಸರು ನನಗೆ ಹೇಳಬೇಡ. ಆದರೆ ಇವತ್ತಿಂದ ಪ್ರತಿ ರಾತ್ರಿ ಆ ಹೆಸರು ಹಿಡಿದು ಪ್ರಾರ್ಥನೆ ಮಾಡು. ಹುಡುಕು" ಅಂದರು. ಆಮೇಲೆ ಕ್ಷಮೆಯ ಮಾತು ಹೇಳಿದರು. ಪಿತ, ಸುತ, ಪವಿತ್ರಾತ್ಮರ ನಾಮ ಬರುವ ಹೊತ್ತಿಗೆ ನನಗೆ ಅಳು ತಡೆಯಲಾಗಲಿಲ್ಲ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ. ತುಂಬಾ ಹೊತ್ತು ಅಮ್ಮ ಮಾತಾಡಲಿಲ್ಲ. ಹಿಂದೆ ಕುಕ್ಕರ್ ಕೂಗುತ್ತಿತ್ತು, ಅದನ್ನೂ ಆರಿಸಲಿಲ್ಲ. ಆಮೇಲೆ ಅಂದರು, "ಅವಳ ಮಗಳನ್ನು ಮೂಡಿಗೆರೆ ಕಡೆ ಕೊಟ್ಟಿದ್ದಾರೆ ಅಂತ ಕೇಳಿದ್ದೆ. ಮುಂದಿನ ವಾರ ಬಾ. ನಾನೂ ಬರುತ್ತೇನೆ. ಬರಬೇಡ ಅಂತ ಅವಳಿಗೆ ಅಪ್ಪ ಹೇಳಿದ್ದು ನನ್ನ ಮಾತಿನ ಮೇಲೆ."

ಇದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಮಗಳು ಕೇಳಿದ ಪ್ರಶ್ನೆಗೆ ಇವತ್ತು ಬೆಳಿಗ್ಗೆ ಉತ್ತರ ಕೊಟ್ಟೆ. "ಹೇಳದೆ ಬಿಟ್ಟರೆ ಅದು ಒಳಗೇ ಉಳಿಯುತ್ತೆ, ಬೆಳೆಯುತ್ತೆ. ಅಮ್ಮ ಒಂದು ಬಿಟ್ಟಿದ್ದಳು. ನಿನ್ನೆ ಹೇಳಿದಳು" ಅಂದೆ. ಯಾವುದು ಅಂತ ಕೇಳಿದಳು. ದೊಡ್ಡವಳಾದ ಮೇಲೆ ಹೇಳುತ್ತೇನೆ ಅಂದೆ.

ಹಳೇ ಜಪಸರ
ಭಾನುವಾರ

ಓದಿ ಕಣ್ಣು ತುಂಬಿ ಬಂತು ಮಗಳೇ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು.

ಸಣ್ಣ ದೀಪ
ಭಾನುವಾರ, ರಾತ್ರಿ

ಅಕ್ಕ, ನಾನೂ ಬೆಂಗಳೂರಿನಲ್ಲೇ ಇರುವುದು. ಶನಿವಾರ ನೀವು ಹೋದಾಗ ಸಾಲು ಉದ್ದ ಇತ್ತಾ? ಸಾಲಿನಲ್ಲಿ ನಿಂತರೆ ನನಗೆ ವಾಪಸ್ ಓಡಿಬಿಡೋಣ ಅನ್ನಿಸುತ್ತದೆ.

ಮಲೆನಾಡ ಮಗಳು
ಭಾನುವಾರ, ರಾತ್ರಿ

ಹನ್ನೆರಡು ಜನ ಇದ್ದರು, ಎಣಿಸಿದ್ದೆ. ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ಅದರ ಮುಂದಿನ ಶನಿವಾರ ಬಾ ತಮ್ಮ, ನಾನೂ ಬರುತ್ತೇನೆ. ಸಾಲಿನಲ್ಲಿ ನಿನ್ನ ಹಿಂದೆ ನಿಲ್ಲುತ್ತೇನೆ.